ಲಿಫ್ಟಿಗೆ ಹದಿನಾರು ಸಹಿ

ವೆಲಿಚ್ಕಾ ಕಟ್ಟಡದ ಮೇಲ್ವಿಚಾರಕಿಯಾದದ್ದು ಒಲೆಯ ಮೇಲಿಟ್ಟಿದ್ದ ಕಾಳಿನ ಸಾರಿನ ದೆಸೆಯಿಂದ. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಮೆಟ್ಟಿಲ ಬುಡದಲ್ಲಿ, ಅಂಚೆಪೆಟ್ಟಿಗೆಗಳ ಎದುರಿಗೆ, ಮನೆ ಮಾಲೀಕರೆಲ್ಲ ನಿಂತೇ ಸಭೆ ನಡೆಸುತ್ತಿದ್ದರು. ಹಳೆಯ ಮೇಲ್ವಿಚಾರಕ ಇನ್ನು ನನ್ನ ಕೈಲಾಗದು ಎಂದು ಮೊಹರಿನ ಡಬ್ಬಿಯನ್ನು ನೆಲದ ಮೇಲಿಟ್ಟು ಕೈಕಟ್ಟಿ ನಿಂತಿದ್ದ. ಆ ಡಬ್ಬಿಯ ಕಡೆ ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಚಾವಣಿಯ ಮೇಲೆ. ವೆಲಿಚ್ಕಾ "ಸಾರು ತಳ ಹಿಡೀತದೆ, ಒಂದ್ನಿಮಿಷ" ಎಂದು ಲಿಫ್ಟ್ ಹತ್ತಿ ಎಂಟನೇ ಮಹಡಿಗೆ ಹೋಗಿ, ಒಲೆ ಆರಿಸಿ ಕೆಳಗೆ ಬರುವಷ್ಟರಲ್ಲಿ ಸಭೆ ಮುಗಿದು ಜನ ಚೆದುರಿದ್ದರು. ಡಬ್ಬಿ ಅವಳ ಅಂಚೆಪೆಟ್ಟಿಗೆಯ ಮೇಲೆ ಕೂತಿತ್ತು. ಡ್ಯಾನ್ಯೂಬ್ ದಂಡೆಯ ರೂಸೆ ಪಟ್ಟಣದಲ್ಲಿ ಮೇಲ್ವಿಚಾರಕರನ್ನು ಆರಿಸುವ ಪದ್ಧತಿಯೇ ಅದು. ಯಾರು ಎದ್ದು ಹೋಗುತ್ತಾರೋ ಅವರ ತಲೆಗೆ ಕಟ್ಟುವುದು.

ಬೇರೆಯವರಾಗಿದ್ದರೆ ಡಬ್ಬಿಯನ್ನು ಮತ್ತೊಬ್ಬರ ಬಾಗಿಲ ಮುಂದಿಟ್ಟು ಸುಮ್ಮನಾಗುತ್ತಿದ್ದರು. ವೆಲಿಚ್ಕಾ ಹಾಗೆ ಮಾಡುವ ಹೆಂಗಸಲ್ಲ. ಇಪ್ಪತ್ತಾರು ವರ್ಷ ಟ್ರಾಲಿಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ಟಿಕೆಟ್ಟಿಲ್ಲದೆ ಕಿಟಕಿಯ ಕಡೆ ಮುಖ ಮಾಡಿ ಕೂತವರನ್ನು ಬೆನ್ನು ನೋಡಿಯೇ ಗುರುತು ಹಿಡಿಯುತ್ತಿದ್ದಳು. ಎಂಟು ಮಹಡಿ, ಇಪ್ಪತ್ನಾಲ್ಕು ಮನೆ, ಇವರೇನು ಮಹಾ ಎಂದುಕೊಂಡಳು. ಮೆಟ್ಟಿಲ ಬಲ್ಬುಗಳನ್ನು ತಾನೇ ಬದಲಿಸಿದಳು, ಚಾವಣಿ ಸೋರಿದಾಗ ಡಾಂಬರು ಹಚ್ಚುವವರನ್ನು ಹಿಡಿದು ತಂದಳು, ಬಾಗಿಲ ಮುಂದೆ ಗುಲಾಬಿ ನೆಟ್ಟಳು. ಜನ ಗುಲಾಬಿ ಕಿತ್ತುಕೊಂಡು ಹೋದರು, ಬಲ್ಬು ಕೆಟ್ಟಾಗ ಅವಳಿಗೆ ಫೋನು ಮಾಡಿದರು. ಅವಳು ಬೈದಳು, ಮತ್ತೆ ನೆಟ್ಟಳು.

ಅವಳ ಗಂಡ ಮೆತೋದಿ ಡ್ಯಾನ್ಯೂಬ್ ನದಿಯ ಸರಕು ದೋಣಿಗಳಲ್ಲಿ ಮೂವತ್ತು ವರ್ಷ ಎಂಜಿನ್ ನೋಡಿಕೊಂಡಿದ್ದವನು. ದೊಡ್ಡ ಮೈ, ದೊಡ್ಡ ದನಿ, ಮಕ್ಕಳಿಲ್ಲದ ಮನೆಯನ್ನು ಒಬ್ಬನೇ ತುಂಬಿಸುವಷ್ಟು ಗದ್ದಲ. ಎರಡು ವರ್ಷದ ಹಿಂದೆ ಅವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಮಾತು ತೊದಲಿದರೂ ಉಳಿಯಿತು. ವೆಲಿಚ್ಕಾ ಗಾಲಿಕುರ್ಚಿ ತಂದಳು. ಬೆಳಿಗ್ಗೆ ಹತ್ತಕ್ಕೆ ಲಿಫ್ಟಿನಲ್ಲಿ ಇಳಿಸಿ, ಟ್ರಾಲಿಬಸ್ಸಿಗೆ ಹತ್ತಿಸಿ, ನದಿಯ ದಂಡೆಗೆ ಕರೆದುಕೊಂಡು ಹೋಗುವುದು. ಅವನು ದಾಟಿ ಹೋಗುವ ಪ್ರತಿ ದೋಣಿಯ ಎಂಜಿನ್ನಿನ ಸದ್ದು ಕೇಳಿ ಯಾವುದು ಎಣ್ಣೆ ಕಾಣದೆ ಅಳುತ್ತಿದೆ, ಯಾವುದಕ್ಕೆ ಕೆಮ್ಮು ಹಿಡಿದಿದೆ ಎಂದು ಹೇಳುತ್ತಿದ್ದ. ಆ ಒಂದೂವರೆ ಗಂಟೆಗಾಗಿ ಉಳಿದ ಇಪ್ಪತ್ತೆರಡೂವರೆ ಗಂಟೆಯನ್ನು ತಾಳಿಕೊಳ್ಳುತ್ತಿದ್ದ.

ಮಾರ್ಚ್ ಹದಿನಾಲ್ಕನೇ ತಾರೀಕು ತಪಾಸಣೆಯವನು ಬಂದ. ಲಿಫ್ಟಿನ ನೆತ್ತಿ ನೋಡಿದ, ಹಗ್ಗ ನೋಡಿದ, ತಲೆಯಾಡಿಸಿದ. ಬಾಗಿಲಿಗೆ ಕೆಂಪು ಕಾಗದ ಅಂಟಿಸಿ ಸೀಲು ಹಾಕಿಬಿಟ್ಟ.

"ರಿಪೇರಿ ಮಾಡ್ಸೋಕಾಗಲ್ವೇನಪ್ಪಾ?" ವೆಲಿಚ್ಕಾ ಕೇಳಿದಳು.

"ಅಮ್ಮಾ, ಇದು ನನಗಿಂತ ಹಳೇದು. ಹೊಸದು ಹಾಕ್ಸಿ."

ಹೊಸದು ಹಾಕಿಸುವುದಕ್ಕೆ ಹಣದ ದಾರಿಯನ್ನು ಅವಳು ಹದಿನೈದು ದಿನದಲ್ಲಿ ಕಂಡುಕೊಂಡಳು. ಪ್ರತಿ ಮನೆಯೂ ತಿಂಗಳಿಗಿಷ್ಟು ಎಂದು ಕಟ್ಟುವುದಕ್ಕೆ ಲಿಫ್ಟಿನವರು ಒಪ್ಪಿದ್ದರು, ಅದೇನೂ ಯಾರ ಮನೆ ಮುಳುಗಿಸುವಷ್ಟಿರಲಿಲ್ಲ. ಬೇಕಾದದ್ದು ಸಹಿ. ಇಪ್ಪತ್ನಾಲ್ಕು ಮನೆಯಲ್ಲಿ ಹದಿನಾರು ಮನೆಯ ಮಾಲೀಕರು ಒಂದು ಹಾಳೆಯ ಮೇಲೆ ಸಹಿ ಹಾಕಬೇಕು. ಐದು ಮನೆಗೆ ಬೀಗ, ಅವರು ಸ್ಪೇನಿನಲ್ಲೋ ಜರ್ಮನಿಯಲ್ಲೋ. ಉಳಿದದ್ದು ಹತ್ತೊಂಬತ್ತು.

ಮೆತೋದಿ ಹಾಳೆಯ ಮೊದಲ ಸಾಲಿನಲ್ಲಿ, ಅಭ್ಯಾಸವಿಲ್ಲದ ಬಲಗೈಯಲ್ಲಿ, ತನ್ನ ಸಹಿ ಗೀಚಿ, "ಒಂದು ವಾರ ಸಾಕು ನಿನಗೆ. ಬಸ್ಸಿನಲ್ಲಿ ಇದಕ್ಕಿಂತ ಜನ ಇರ್ತಿದ್ರು" ಎಂದ.

ನೆಲಮಟ್ಟದ ಒಂದನೇ ಮಹಡಿಯಲ್ಲಿ ಕ್ರುಮ್ ಇದ್ದ. ಗಣಿತದ ಮೇಷ್ಟ್ರಾಗಿ ನಿವೃತ್ತಿಯಾದವನು, ಹೆಂಡತಿ ಸತ್ತ ಮೇಲೆ ಒಬ್ಬನೇ. ಮೆತೋದಿಯ ಜೊತೆ ಹತ್ತು ವರ್ಷ ಗ್ಯಾರೇಜಿನ ಮುಂದೆ ಪಗಡೆ ಆಡಿದ್ದವನು. ಮೆತೋದಿಯ ಬೆನ್ನಿಗೇ ಅವನ ಸಹಿ ಬೀಳುತ್ತದೆ ಎಂದುಕೊಂಡು ವೆಲಿಚ್ಕಾ ಅಲ್ಲಿಂದಲೇ ಶುರು ಮಾಡಿದಳು. ಅವನು ಹಾಳೆಯನ್ನು ಪೂರ್ತಿ ಓದಿದ, ಕನ್ನಡಕ ತೆಗೆದ.

"ನಾನಿರೋದು ಒಂದನೇ ಮಹಡೀಲಿ ವೆಲಿಚ್ಕಾ. ಲಿಫ್ಟ್ ಹತ್ತಿ ನಾನೆಲ್ಲಿಗೆ ಹೋಗ್ಲಿ?"

"ನನ್ನ ಮನೆಗೆ ಬಾ ಕ್ರುಮಣ್ಣ. ಮೆತೋದಿ ಎದುರಿಗೆ ಪಗಡೆ ಹಾಸಿಕೊಂಡು ಕೂತಿರ್ತಾನೆ."

"ಅವನಿಗೆ ಹೇಳು, ಬರ್ತೀನಿ ಅಂತ. ಅದು ಬೇರೆ, ಇದು ಬೇರೆ. ಇದು ತತ್ವದ ಪ್ರಶ್ನೆ." ತತ್ವ ಎಂದರೆ ಮುಗಿಯಿತು, ಮೇಷ್ಟ್ರನ್ನು ಅಲುಗಿಸಲಾಗದು.

ನಾಲ್ಕನೇ ಮಹಡಿಯ ತ್ಸೆತ್ಸಾ ವೆಲಿಚ್ಕಾಳ ಗೆಳತಿ. ಬಾಗಿಲು ತೆಗೆದು, ಕಾಫಿ ಕೊಟ್ಟು, ಮೆತೋದಿಗಾಗಿ ಕಣ್ಣೊರೆಸಿಕೊಂಡು, "ಎಲ್ರೂ ಹಾಕ್ಲಿ ಕಣೇ, ನಾನು ಆಮೇಲೆ ಹಾಕ್ತೀನಿ. ಮೊದ್ಲೇ ಹಾಕಿದ್ರೆ ಕೆಳಗಿನೋರು ನನ್ನ ತಿಂದುಹಾಕ್ತಾರೆ" ಎಂದಳು. ಆರನೇ ಮಹಡಿಯ ಮಿಲೆನ್ ಎಂಬ ಹುಡುಗ, ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು, ನಿದ್ದೆಗಣ್ಣಲ್ಲಿ ಬಾಗಿಲಿಗೊರಗಿ, "ಮೆಟ್ಲು ಹತ್ತೋದು ಎದೆಗೆ ಒಳ್ಳೇದು ಚಿಕ್ಕಮ್ಮ" ಎಂದು ನಕ್ಕ. ಐದನೆಯ ಮಹಡಿಯಲ್ಲಿ, ಗಂಡ ಬರಲಿ ಎಂದರು. ಗಂಡ ಬಂದಾಗ, ಹೆಂಡತಿ ಬರಲಿ ಎಂದ. ಯಾರೂ ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಕಾಯಬಹುದಿತ್ತು. ಇವರು ನಯವಾಗಿ ನಕ್ಕು, ಮೆತೋದಿ ಹೇಗಿದ್ದಾನೆಂದು ಕೇಳಿ, ಮೆಲ್ಲಗೆ ಬಾಗಿಲು ಮುಚ್ಚುತ್ತಿದ್ದರು.

ಜೂನ್ ಹೊತ್ತಿಗೆ ಮೆತೋದಿಯದೂ ಸೇರಿ ಏಳು ಸಹಿಯಾಗಿತ್ತು. ಆರು, ಏಳು, ಎಂಟನೇ ಮಹಡಿಯ ಮುದುಕಿಯರು, ಮಂಡಿನೋವಿನವರು, ಒಬ್ಬ ಬಸುರಿ.

ಸಭೆ ಕರೆದಳು. ಬಾಗಿಲಿಗೆ ಚೀಟಿ ಅಂಟಿಸಿದಳು, ಸಂಜೆ ಆರು ಗಂಟೆಗೆ ಎಂದು. ಆರಕ್ಕೆ ಸಾಕಷ್ಟು ಜನ ಬರದಿದ್ದರೆ ಒಂದು ಗಂಟೆ ಕಾದು, ಏಳಕ್ಕೆ ಬಂದಷ್ಟು ಜನರಲ್ಲೇ ಸಭೆ ನಡೆಸಬಹುದೆಂದು ನಿಯಮವಿದೆ. ಹಾಗಾಗಿ ಆರಕ್ಕೆ ಯಾರೂ ಬರುವುದಿಲ್ಲ. ಏಳಕ್ಕೆ ಹೋದರಾಯಿತು ಎಂದುಕೊಂಡವರು ಏಳಕ್ಕೆ ಊಟಕ್ಕೆ ಕೂತಿರುತ್ತಾರೆ. ವೆಲಿಚ್ಕಾ ಎಂಟನೇ ಮಹಡಿಯಿಂದ ಸ್ಟೂಲು ಹೊತ್ತು ತಂದು ಅಂಚೆಪೆಟ್ಟಿಗೆಗಳ ಮುಂದೆ ಎರಡು ಗಂಟೆ ಕೂತಳು. ಜನ ಬಂದರು, ಬರಲಿಲ್ಲ ಎನ್ನುವ ಹಾಗಿಲ್ಲ. ತರಕಾರಿ ಚೀಲ ಹಿಡಿದು ಬಂದರು, ನಾಯಿ ಹಿಡಿದು ಬಂದರು, "ಸಭೆನಾ? ಇವತ್ತಾ?" ಎಂದು ಆಶ್ಚರ್ಯಪಟ್ಟು ಮೇಲೆ ಹೋದರು. ಎಂಟಕ್ಕೆ ಅವಳೂ ಸ್ಟೂಲು ಹೊತ್ತು ಹತ್ತಿದಳು. ಐದನೇ ಮಹಡಿಯಲ್ಲಿ ಕೂತು ಸುಧಾರಿಸಿಕೊಂಡಳು. ಅವಳಿಗೂ ಅರವತ್ತೇಳು.

"ಎಷ್ಟು ಜನ ಬಂದಿದ್ರು?" ಮೆತೋದಿ ಕೇಳಿದ. ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಉರುಳಿಸಿಕೊಂಡು ಕಾಯುತ್ತಿದ್ದ.

ಅವನ ಮುಖ ನೋಡಿ ಅವಳಿಗೆ ನಿಜ ಹೇಳುವುದಕ್ಕಾಗಲಿಲ್ಲ. "ಒಂಬತ್ತು."

"ಒಂಬತ್ತಾ? ಹಾಗಾದ್ರೆ ನಿಕೋಲಾ ಹಬ್ಬದೊಳಗೆ ಆಗುತ್ತೆ." ನಿಕೋಲಾ ನೀರಿನವರ ಸಂತ, ಅವನ ಹಬ್ಬ ಡಿಸೆಂಬರಿನಲ್ಲಿ. ಅವತ್ತು ನದಿಯ ದಂಡೆಯಲ್ಲಿ ದೋಣಿಯವರೆಲ್ಲ ಸೇರುತ್ತಾರೆ. "ಅವತ್ತು ಮಾತ್ರ ನನ್ನ ಇಳಿಸ್ಬಿಡು. ಆಮೇಲೆ ಇಡೀ ಚಳಿಗಾಲ ಸುಮ್ನೆ ಬಿದ್ದಿರ್ತೀನಿ."

ಹೊತ್ತು ಇಳಿಸಬಾರದೇ ಎಂದರೆ, ನೂರಾ ಹತ್ತು ಕಿಲೋ ಆಸಾಮಿ. ಒಮ್ಮೆ ಇಬ್ಬರು ಹೊತ್ತು ನೋಡಿದ್ದರು, ಏಳನೇ ಮಹಡಿಯಲ್ಲೇ ಒಬ್ಬನ ಸೊಂಟ ಹಿಡಿದುಕೊಂಡಿತ್ತು. ಅಂದಿನಿಂದ ಮೆತೋದಿ ತಾನೇ ಬೇಡವೆಂದಿದ್ದ. ಮೂಟೆಯ ಹಾಗೆ ಹೊರಿಸಿಕೊಳ್ಳುವುದು ಅವನಿಗೆ ಅವಮಾನ.

ಸೆಪ್ಟೆಂಬರ್ ಬಂತು. ಮನೆಮನೆಯ ಬಾಲ್ಕನಿಯಲ್ಲಿ ಕೆಂಪು ದಪ್ಪಮೆಣಸಿನಕಾಯಿ ಸುಡುವ ವಾಸನೆ. ಮೂವತ್ತು ಕಿಲೋ ಮೂಟೆಗಳನ್ನು ಮೆಟ್ಟಿಲ ಮೇಲೆ ಎಳೆಯುತ್ತಾ ಜನ ಲಿಫ್ಟಿಗೆ ಶಾಪ ಹಾಕುತ್ತಿದ್ದರು, ಸಹಿ ಮಾತ್ರ ಹಾಕುತ್ತಿರಲಿಲ್ಲ. ಒಂದು ಮಧ್ಯಾಹ್ನ ವೆಲಿಚ್ಕಾ ಮೆಣಸಿನಕಾಯಿ ಸಿಪ್ಪೆ ಬಿಡಿಸುತ್ತಾ ಗಂಡನ ಮುಂದೆ ಸಿಡುಕಿದಳು. "ಹನ್ನೊಂದು ಚೀಟಿ ಅಂಟ್ಸಿದೀನಿ. ಒಬ್ಬರೂ ಓದಲ್ಲ. ಆ ಬಾಗಿಲಲ್ಲಿ ಓದೋದೇನಿದ್ರೂ ಸತ್ತೋರ ಚೀಟಿ."

ಅದು ನಿಜ. ಕಟ್ಟಡದ ಬಾಗಿಲ ಗಾಜಿನ ತುಂಬ ಕಪ್ಪು ಅಂಚಿನ ಚೀಟಿಗಳು. ಯಾರಾದರೂ ಸತ್ತರೆ ಫೋಟೋ, ಹೆಸರು, ವಯಸ್ಸು, ಮಣ್ಣಿನ ಹೊತ್ತು ಬರೆದು ಅಂಟಿಸುತ್ತಾರೆ. ನಲವತ್ತನೇ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ, ವರ್ಷಕ್ಕೆ, ಹತ್ತು ವರ್ಷಕ್ಕೆ ಮತ್ತೊಂದು. ಬಸ್ಸು ತಪ್ಪಿಹೋಗುತ್ತಿದ್ದರೂ ನಿಂತು ಅದನ್ನು ಓದದೆ ಯಾರೂ ದಾಟುವುದಿಲ್ಲ. ಬದುಕಿದ್ದಾಗ ನಮಸ್ಕಾರ ಹೇಳದವರೂ ಸತ್ತಾಗ ಹೋಗಿ ಬರುತ್ತಾರೆ. ಇಲ್ಲಿನ ಜನರಲ್ಲಿ ಉಳಿದಿರುವ ಮರ್ಯಾದೆ ಅದೊಂದು.

ಮೆತೋದಿಯ ಕಣ್ಣು ಹೊಳೆಯಿತು. "ಹಾಗಾದ್ರೆ ಲಿಫ್ಟ್ ಸತ್ತೋಯ್ತು ಅಂತ ಹಾಕು."

"ಥೂ, ಬಾಯ್ಮುಚ್ಚು."

"ಬರ್ಕೋ ಅಂದ್ರೆ. ಆಳವಾದ ದುಃಖದಿಂದ ತಿಳಿಸುವುದೇನೆಂದರೆ..."

ಅವನು ತೊದಲುತ್ತಾ ಹೇಳಿದ, ಅವಳು ಮೆಣಸಿನಕಾಯಿ ಕೈಯಲ್ಲೇ ಬರೆದಳು. ಬರೆಯುತ್ತಾ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೆತೋದಿಗೆ ಕೆಮ್ಮು ಬಂದು, ಅವಳು ಬೆನ್ನು ಗುದ್ದಬೇಕಾಯಿತು. ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ಅಷ್ಟು ನಕ್ಕದ್ದು ಅದೇ ಮೊದಲು. ಮಾರನೇ ದಿನ ಸತ್ತವರ ಚೀಟಿ ಮುದ್ರಿಸುವ ಅಂಗಡಿಗೇ ಹೋಗಿ, ಅದೇ ಅಕ್ಷರ, ಅದೇ ಕಪ್ಪು ಅಂಚು, ಫೋಟೋ ಜಾಗದಲ್ಲಿ ಲಿಫ್ಟಿನ ಬಾಗಿಲು ಹಾಕಿಸಿ ತಂದಳು.

"ಆಳವಾದ ದುಃಖದಿಂದ ತಿಳಿಸುವುದೇನೆಂದರೆ, ನಮ್ಮ ಪ್ರೀತಿಯ ಲಿಫ್ಟ್ ತನ್ನ ನಲವತ್ತೊಂದನೇ ವಯಸ್ಸಿನಲ್ಲಿ ಮಾರ್ಚ್ ಹದಿನಾಲ್ಕರಂದು ನಮ್ಮನ್ನಗಲಿದೆ. ಮೆಣಸಿನಕಾಯಿ ಮೂಟೆ, ಸೋಫಾ, ಮದುಮಕ್ಕಳು, ಕುಡಿದು ಬಂದ ಗಂಡಂದಿರು ಎನ್ನದೆ ಎಲ್ಲರನ್ನೂ ಹೊತ್ತ ಅದು ಯಾರಿಗೂ ಎದುರಾಡಲಿಲ್ಲ. ಅಂತಿಮ ನಮನ ಗುರುವಾರ ಸಂಜೆ ಆರಕ್ಕೆ, ಅಂಚೆಪೆಟ್ಟಿಗೆಗಳ ಮುಂದೆ. ಹೂವು ಬೇಡ, ಪೆನ್ನು ತನ್ನಿ. ದುಃಖತಪ್ತರು: ಮೇಲಿನ ಮಹಡಿಯವರು."

ಜನ ನಿಂತರು, ಓದಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಕಟ್ಟಡದವರು ಬಂದು ಫೋನಿನಲ್ಲಿ ಫೋಟೋ ಹೊಡೆದುಕೊಂಡರು. ತ್ಸೆತ್ಸಾ ಒಬ್ಬಳೇ ನಗಲಿಲ್ಲ. ಮೆಟ್ಟಿಲ ಮೇಲೆ ವೆಲಿಚ್ಕಾಳ ತೋಳು ಹಿಡಿದು, "ಕಿತ್ತಾಕೇ ಅದನ್ನ. ಕಪ್ಪು ಚೀಟಿ ಜೊತೆ ಆಟ ಆಡ್ಬಾರ್ದು" ಎಂದಳು.

"ನೀನು ಸಹಿ ಹಾಕು, ಕೀಳ್ತೀನಿ."

ತ್ಸೆತ್ಸಾ ಸಹಿ ಹಾಕದೆ ಹೋದಳು. ಆದರೆ ಗುರುವಾರ ಹದಿಮೂರು ಮಾಲೀಕರು ಬಂದರು, ಅದೂ ಆರು ಗಂಟೆಗೇ. ಅಂಥ ಸಭೆಯನ್ನು ಆ ಕಟ್ಟಡ ಕಂಡೇ ಇರಲಿಲ್ಲ. ಲಿಫ್ಟಿನೊಳಗೆ ಕನ್ನಡಿ ಬೇಕೋ ಬೇಡವೋ ಎಂದು ಮುಕ್ಕಾಲು ಗಂಟೆ ಜಗಳವಾಯಿತು. ಕ್ರುಮ್ ತತ್ವ ಎತ್ತಿದ. "ನಾನು ಸತ್ರೂ ಲಿಫ್ಟ್ ಬೇಡ. ಕಿಟಕಿಯಿಂದಲೇ ಆಚೆ ತಗೋಬಹುದು" ಎಂದ. ಎಲ್ಲರೂ ನಕ್ಕರು, ವೆಲಿಚ್ಕಾಳೂ ನಕ್ಕಳು. ನಗುವಿನ ಮಧ್ಯೆ ನಾಲ್ಕು ಹೊಸ ಸಹಿ ಬಿತ್ತು. ಹನ್ನೊಂದು.

ಅವಳು ಮೇಲೆ ಹೋಗಿ ಈ ಸಲ ನಿಜವನ್ನೇ ಹೇಳಿದಳು. ಮೆತೋದಿ ಬಲಗೈಯಿಂದ ಕುರ್ಚಿಯ ತೋಳು ಬಡಿದ. "ನಲವತ್ತನೇ ದಿನಕ್ಕೆ ಇನ್ನೊಂದು ಹಾಕು. ಪದ್ಧತಿ ಇದೆ."

ಹಾಕಿದಳು. "ಅಂತಿಮ ನಮನ ಸಲ್ಲಿಸಿ ನಲವತ್ತು ದಿನವಾದರೂ ಮಂಡಿಗಳು ಮರೆತಿಲ್ಲ" ಎಂದು. ಅಕ್ಟೋಬರ್ ಕೊನೆ. ಈ ಸಲ ನಿಂತು ಓದಿದವರು ಕಡಿಮೆ, ಅಂಚು ನೋಡಿ ಮುಗುಳ್ನಕ್ಕು ಹೋದವರು ಹೆಚ್ಚು. ಎರಡು ಸಹಿ ಸಿಕ್ಕಿತು, ಹದಿಮೂರಾಯಿತು. ಇನ್ನು ಮೂರಕ್ಕಾಗಿ ಅವಳು ದಿನ ಬಿಟ್ಟು ದಿನ ಬಾಗಿಲು ತಟ್ಟಿದಳು. ತ್ಸೆತ್ಸಾ ಮಗಳ ಬಾಣಂತನಕ್ಕೆಂದು ವಾರ್ನಾಕ್ಕೆ ಹೋದಳು, ಬಂದ ಮೇಲೆ ಹಾಕ್ತೀನಿ ಎಂದು. ಉಳಿದವರು ಬಾಗಿಲ ಕಿಂಡಿಯಲ್ಲಿ ಅವಳ ಕೈಯಲ್ಲಿದ್ದ ಹಾಳೆ ಕಂಡರೆ ಸಾಕು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಟೀವಿಯ ಸದ್ದು ತಟ್ಟನೆ ನಿಲ್ಲುವುದು ಅವಳಿಗೆ ಹೊರಗೆ ಕೇಳಿಸುತ್ತಿತ್ತು.

ನವೆಂಬರಿನಲ್ಲಿ ಮೆತೋದಿಗೆ ಜ್ವರ ಬಂತು. ಎರಡನೇ ದಿನ ಉಸಿರು ಗೊರಗೊರ ಎನ್ನತೊಡಗಿತು. ಬೆಳಿಗ್ಗೆ ಹತ್ತಕ್ಕೆ ಆಂಬುಲೆನ್ಸ್ ಬಂತು. ಇಬ್ಬರು ಎಂಟು ಮಹಡಿ ಹತ್ತಿ ಬಂದು, ಕುರ್ಚಿಯನ್ನೂ ಮೆತೋದಿಯನ್ನೂ ನೋಡಿ, ಮುಖ ಮುಖ ನೋಡಿಕೊಂಡರು.

"ಇನ್ನಿಬ್ಬರು ಬೇಕಮ್ಮಾ. ಅಕ್ಕಪಕ್ಕದೋರನ್ನ ಕರೀರಿ."

ವೆಲಿಚ್ಕಾ ಓಡಿದಳು. ಮೇಲಿನ ಮಹಡಿಯಲ್ಲಿ ಮುದುಕಿಯರು. ಆರನೆಯದರಲ್ಲಿ ಮಿಲೆನ್‌ನ ಬಾಗಿಲು ಬಡಿದಳು. ಒಳಗೆ ಹಲಗೆ ಕಿರುಗುಟ್ಟಿತು, ಕಿಂಡಿ ಕಪ್ಪಾಯಿತು, ಮತ್ತೆ ಬೆಳಕಾಯಿತು. ಬಾಗಿಲು ತೆರೆಯಲಿಲ್ಲ. ಐದನೆಯದರಲ್ಲಿ ರೇಡಿಯೋ ನಿಂತಿತು. ಮೂರನೆಯದರಲ್ಲಿ ಯಾರೋ ಮಗುವಿಗೆ ಶ್ ಎಂದರು. "ಮೆತೋದಿಗೆ ಹುಷಾರಿಲ್ಲ, ಒಂದು ಕೈ ಕೊಡಿ" ಎಂದು ಅವಳು ಕೂಗಿ ಹೇಳಬಹುದಿತ್ತು. ಮೆಟ್ಟಿಲಿಳಿದು ಓಡಿದವಳಿಗೆ ಉಸಿರೇ ಇರಲಿಲ್ಲ, ದನಿ ಏಳಲಿಲ್ಲ. ಬರೀ ಬಡಿದಳು. ಆ ಬಡಿತದ ಗುರುತು ಎಲ್ಲರಿಗೂ ಇತ್ತು.

ಕೊನೆಗೆ ಆ ಇಬ್ಬರೇ ದಪ್ಪ ಕ್ಯಾನ್ವಾಸಿನಲ್ಲಿ ಮಲಗಿಸಿಕೊಂಡು ಹೊತ್ತರು. ಕಾಲ ಕಡೆಯ ಒಂದು ಹಿಡಿ ವೆಲಿಚ್ಕಾ ಹಿಡಿದಳು. ಪ್ರತಿ ಮಹಡಿಯಲ್ಲೂ ಕೆಳಗಿಟ್ಟು ಸುಧಾರಿಸಿಕೊಂಡರು. ಅರ್ಧ ಗಂಟೆ ಹಿಡಿಯಿತು. ನಾಲ್ಕನೇ ಮಹಡಿಯ ನೆಲದ ಮೇಲೆ ಮಲಗಿ ಮೆತೋದಿ ಅವಳ ಶಾಲಿನ ಅಂಚು ಹಿಡಿದೆಳೆದ.

"ಎಷ್ಟಾಯ್ತು?"

"ಎಲ್ಲಾ ಆಯ್ತು ಕಣೋ. ಹದಿನಾರೂ ಆಯ್ತು."

"ನಾನು ಹೇಳ್ಲಿಲ್ವಾ, ಜನ ಒಳ್ಳೇವ್ರು" ಎಂದ ಮೆತೋದಿ.

ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಅದೇ ಅಂಗಡಿ, ಅದೇ ಅಕ್ಷರ, ಅದೇ ಅಂಚು. ಫೋಟೋ ಹುಡುಕಿದರೆ ಮುಪ್ಪಿನದು ಒಂದೂ ಚೆನ್ನಾಗಿರಲಿಲ್ಲ. ಮೂವತ್ತೈದರ ವಯಸ್ಸಿನದು ಸಿಕ್ಕಿತು. ದೋಣಿಯ ಮೇಲೆ, ಕ್ಯಾಪ್ಟನ್ನನ ಟೋಪಿ ಕಸಿದು ಹಾಕಿಕೊಂಡು, ಬಾಯಿ ತುಂಬ ನಗುತ್ತಿರುವುದು. ಅವನು ಹಾಗೇ ಇದ್ದವನು, ಹಾಗೇ ಹೋಗಲಿ ಎಂದು ಅದನ್ನೇ ಕೊಟ್ಟಳು. ಲಿಫ್ಟಿನ ನಲವತ್ತನೇ ದಿನದ ಚೀಟಿಯ ಪಕ್ಕದಲ್ಲಿ ಜಾಗವಿತ್ತು, ಅಲ್ಲೇ ಅಂಟಿಸಿದಳು. ನಾಳೆ ಹನ್ನೆರಡಕ್ಕೆ, ಸ್ಮಶಾನದ ಪ್ರಾರ್ಥನಾಗೃಹದಲ್ಲಿ. ಬಾಗಿಲು ಬಾಗಿಲಿಗೆ ಹೋಗಿ ಹೇಳಲಿಲ್ಲ. ಹೇಳುವ ಪದ್ಧತಿಯಿಲ್ಲ, ಚೀಟಿಯೇ ಹೇಳುತ್ತದೆ. ಸತ್ತವರ ಮನೆಯ ಹೆಂಗಸು ಹಂಚುವ ಗೋಧಿಯನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಬೇಯಿಸಿ, ಸಕ್ಕರೆ, ವಾಲ್‌ನಟ್ ಬೆರೆಸಿದಳು. ಕಟ್ಟಡದವರೇ ಮೂವತ್ತು ಜನ ಬಂದಾರು ಎಂದು ದೊಡ್ಡ ಪಾತ್ರೆ.

ಹನ್ನೆರಡಕ್ಕೆ ದೋಣಿಯ ಹಳಬರು ಐದು ಜನ ಬಂದರು. ಊರಿಂದ ಒಬ್ಬ ಸೋದರಸಂಬಂಧಿ ಬಂದ. ಪಾದ್ರಿ ಗಡಿಯಾರ ನೋಡಿಕೊಂಡ. "ಇನ್ನೂ ಬರೋರಿದ್ದಾರಾ?" ಎಂದ. ಬರುತ್ತಾರೆ ಎಂದಳು. ಕಾಲು ಗಂಟೆ ಕಾದರು. ವೆಲಿಚ್ಕಾ ಗೇಟಿನ ಕಡೆಯೇ ನೋಡುತ್ತಿದ್ದಳು. ಸಹಿ ಹಾಕದಿದ್ದರೆ ಹಾಕದಿರಲಿ, ಲಿಫ್ಟು ಹಾಳಾಗಿ ಹೋಗಲಿ. ಸತ್ತವನಿಗೆ ಬರದಷ್ಟು ನಾವೇನು ಮಾಡಿದ್ದೆವು ಎಂಬುದೊಂದು ಅವಳ ಎದೆಯಲ್ಲಿ ಕಲ್ಲಾಗಿ ಕೂತಿತು. ಹನ್ನೊಂದು ವರ್ಷ ಇವರ ಬಲ್ಬು ಬದಲಿಸಿದ್ದೇನೆ ಎಂದುಕೊಂಡಳು. ಆಮೇಲೆ ಪಾದ್ರಿ ಶುರು ಮಾಡಿದ.

ತುಂಬಿದ ಪಾತ್ರೆಯನ್ನು ಹೊತ್ತು ಮೂರು ಗಂಟೆಗೆ ಕಟ್ಟಡಕ್ಕೆ ಬಂದಳು. ಕ್ರುಮ್ ಬಾಗಿಲಲ್ಲಿ ಕಸದ ಚೀಲ ಹಿಡಿದು ನಿಂತು, ಚೀಟಿಯ ಫೋಟೋ ನೋಡಿ ನಗುತ್ತಿದ್ದ. ತಿರುಗದೆಯೇ ಹೇಳಿದ.

"ಈ ಸಲ ಸ್ವಲ್ಪ ಅತಿಯಾಯ್ತು ವೆಲಿಚ್ಕಾ. ಗಂಡನ್ನೇ ಹಾಕ್ಬಿಟ್ಟಿದೀಯಲ್ಲ. ನಿನ್ನೆಯಿಂದ ಎಲ್ರೂ ಅದೇ ಮಾತು. ಫೋಟೋ ಭಾರಿ ಚೆನ್ನಾಗಿದೆ ಅಂತ ಹೇಳು ಅವನಿಗೆ."

ಕ್ರುಮ್ ತಿರುಗಿದ. ಕಪ್ಪು ತಲೆವಸ್ತ್ರ ನೋಡಿದ, ಕಪ್ಪು ಕೋಟು ನೋಡಿದ, ಪಾತ್ರೆಯ ಮುಚ್ಚಳ ಸರಿದು ಕಾಣುತ್ತಿದ್ದ ಗೋಧಿಯನ್ನು ನೋಡಿದ. ಕಸದ ಚೀಲ ಕೈಯಿಂದ ಜಾರಿ ಬಿತ್ತು.

ವೆಲಿಚ್ಕಾ ಆ ಕ್ಷಣದಲ್ಲಿ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ಅವರು ಓದಿಯೇ ಇರಲಿಲ್ಲ. ಅಂಚು ನೋಡಿ ನಕ್ಕು ಹೋಗಿದ್ದರು. ನಗುವುದನ್ನು ಕಲಿಸಿದವಳು ತಾನೇ. ಪಾತ್ರೆಯನ್ನು ಅಂಚೆಪೆಟ್ಟಿಗೆಗಳ ಮೇಲಿಟ್ಟು, ಒಂದು ಕಾಗದದ ಲೋಟಕ್ಕೆ ಗೋಧಿ ತುಂಬಿಸಿ, ಕ್ರುಮ್‌ನ ಕೈಗೆ ಕೊಟ್ಟಳು.

"ದೇವರು ಅವನನ್ನ ಕ್ಷಮಿಸಲಿ" ಎಂದ ಕ್ರುಮ್. ಗೋಧಿ ತೆಗೆದುಕೊಳ್ಳುವಾಗ ಹೇಳಬೇಕಾದ ಮಾತು ಅದು. ಒಂದು ಚಮಚ ಬಾಯಿಗಿಟ್ಟ. "ವೆಲಿಚ್ಕಾ, ನಾನು... ಹತ್ತು ವರ್ಷ ಅವನ ಜೊತೆ ಆಡಿದೀನಿ."

"ಗೊತ್ತು ಕ್ರುಮಣ್ಣ. ತಿನ್ನು."

ಅವಳು ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಕ್ರುಮ್ ಹೊತ್ತುಕೊಡಲು ಮುಂದೆ ಬಂದ, ಅವಳು ಕೊಡಲಿಲ್ಲ.

ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಗೊತ್ತಾಯಿತು. ಜನ ಒಬ್ಬೊಬ್ಬರಾಗಿ ಹತ್ತಿ ಬಂದರು, ಏದುಸಿರು ಬಿಡುತ್ತಾ, ಕೈಯಲ್ಲಿ ಹೂವೋ ಬ್ರೆಡ್ಡೋ ಹಿಡಿದು. ಬಾಗಿಲಲ್ಲಿ ನಿಂತು ನೆಲ ನೋಡಿದರು. ಮಿಲೆನ್ ಬಂದು ಅಳುತ್ತಾ ನಿಂತ. "ಅವತ್ತು ನೀವು ಬಾಗಿಲು ಬಡಿದಾಗ ನಾನು ಒಳಗೇ ಇದ್ದೆ ಚಿಕ್ಕಮ್ಮ. ಸಹಿಗೆ ಅಂದ್ಕೊಂಡೆ. ದೇವರಾಣೆ, ಸಹಿಗೆ ಅಂದ್ಕೊಂಡೆ."

ಅವಳು ಅವನ ತಲೆ ಸವರಿ, ಗೋಧಿ ಕೊಟ್ಟು ಕಳಿಸಿದಳು. ಬೈಯಬೇಕೆನಿಸಲಿಲ್ಲ, ಕ್ಷಮಿಸಬೇಕೆಂದೂ ಅನಿಸಲಿಲ್ಲ. ಪಾತ್ರೆ ಅಂದು ರಾತ್ರಿ ಖಾಲಿಯಾಯಿತು.

ಒಂಬತ್ತನೇ ದಿನ ಕ್ರುಮ್ ಬಂದ. ಎಂಟು ಮಹಡಿ ಹತ್ತಿದ್ದರಿಂದ ಮುಖ ಕೆಂಪಾಗಿತ್ತು, ಕುರ್ಚಿ ಎಳೆದುಕೊಂಡು ಕೂತ. ಸಹಿಯ ಹಾಳೆಯನ್ನು ಅವನು ಮೂರು ದಿನದ ಹಿಂದೆ ಅವಳ ಹತ್ತಿರ ಇಸಿದುಕೊಂಡು ಹೋಗಿದ್ದ. ಅದನ್ನೀಗ ಮೇಜಿನ ಮೇಲೆ ಹರಡಿ, ಅಂಗೈಯಿಂದ ಮಡಿಕೆ ಬಿಡಿಸಿದ.

"ಹದಿನೇಳು" ಎಂದ. "ನಾನು, ಮಿಲೆನ್, ಮೂರನೇ ಮಹಡಿಯೋರು. ತ್ಸೆತ್ಸಾ ವಾರ್ನಾದಿಂದ ಅದಕ್ಕಂತಲೇ ಬಂದು ಹಾಕಿ ಹೋದ್ಲು. ಒಂದು ಜಾಸ್ತೀನೇ ಇದೆ. ತಗೊಂಡೋಗಿ ಕೊಡು, ಮಾರ್ಚೊಳಗೆ ಹಾಕ್ತಾರಂತೆ."

ವೆಲಿಚ್ಕಾ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಓದಿದಳು. ಮನೆ ನಂಬರು, ಮಾಲೀಕರ ಹೆಸರು, ಸಹಿ. ಒಂದನೇ ಸಾಲಿನಲ್ಲಿ ಅವಳ ಬೆರಳು ನಿಂತಿತು. ಅದು ತಮ್ಮ ಮನೆಯ ಸಾಲು, ಮನೆ ದೋಣಿ ಕಂಪನಿಯಿಂದ ಮೆತೋದಿಯ ಹೆಸರಿಗೆ ಬಂದದ್ದು. ಮಾಲೀಕ ಅವನೇ. ಸಹಿ ಗೆರೆ ದಾಟಿ, ಪಕ್ಕದ ಕಾಲಮ್ಮಿಗೆಲ್ಲ ಹರಡಿಕೊಂಡು, ಮಗು ಬರೆದ ಹಾಗಿತ್ತು. ಅವಳು ಡ್ರಾಯರಿನಿಂದ ಪೆನ್ನು ತೆಗೆದಳು.

"ಏನ್ ಮಾಡ್ತಿದೀಯಾ?"

"ಇದು ಲೆಕ್ಕಕ್ಕೆ ಬರಲ್ಲ ಕ್ರುಮಣ್ಣ. ಮಾಲೀಕ ಸತ್ತಿದಾನೆ."

"ಬಿಡು ಅದನ್ನ. ಯಾರು ನೋಡ್ತಾರೆ? ಮಾರ್ಚಲ್ಲಿ ಹಾಕಿದ್ದಲ್ವಾ, ಆಗ ಇದ್ನಲ್ಲ."

"ನಾನು ಮೇಲ್ವಿಚಾರಕಿ. ಮೊಹರು ಒತ್ತೋಳು ನಾನು. ಸತ್ತೋರು ಲಿಫ್ಟು ಕೇಳಲ್ಲ."

ಕ್ರುಮ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆಸ್ಪತ್ರೆಯಲ್ಲೂ ಮಣ್ಣು ಹಾಕುವಾಗಲೂ ಅಳದಿದ್ದ ವೆಲಿಚ್ಕಾಳಿಗೆ ಈಗ ಕಣ್ಣು ತುಂಬಿ ಸಾಲು ಕಾಣದಾಯಿತು. ಕೈಯಿಂದ ಒರೆಸಿಕೊಂಡು, ಸ್ಕೇಲು ಇಟ್ಟು, ಆ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಉಳಿದದ್ದನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದಳು.

"ಹದಿನಾರು" ಎಂದಳು. "ಸಾಕು."